ರಾಶಿ ಕೆಳಗಿನ ತಾಡಪತ್ರಿ

ಕೃಷ್ಣಾ ಮತ್ತು ತುಂಗಭದ್ರಾ, ಈ ಎರಡು ಹೊಳೆಗಳ ನಡುವೆ ಲೆಕ್ಕದಲ್ಲಿ ನನ್ನನ್ನು ಮೀರಿಸುವವನು ಇನ್ನೂ ಹುಟ್ಟಿಲ್ಲ. ಹುಟ್ಟಿದ್ದರೂ ನನ್ನ ಸುದ್ದಿ ಕೇಳಿ ಯಾವುದೋ ಒಂದು ಹೊಳೆ ದಾಟಿ ಆಚೆ ಹೋಗಿರಬೇಕು. ಒಮ್ಮೆ ಮಾನ್ವಿಯ ನಮ್ಮ ಅಕ್ಕಿ ಗಿರಣಿಯ ಅಂಗಳದಲ್ಲಿ ಸುರಿದಿದ್ದ ಭತ್ತದ ರಾಶಿಯನ್ನು ದೂರದಿಂದ ಬರೀ ಮೂಸಿ, ಅದರಲ್ಲಿ ಎಷ್ಟು ಕಾಳಿವೆ ಅಂತ ಹೇಳಿದ್ದೆ. ಎಣಿಸಿದರೆ ಎರಡು ಕಾಳು ಕಡಿಮೆ ಬಂದವು. ನಾನು ಸುಮ್ಮನೆ ಬಿಡಲಿಲ್ಲ. ಗಿರಣಿಯ ಸೂರಿನ ಮೇಲೆ ಕೂತಿದ್ದ ಗುಬ್ಬಿಯನ್ನು ದಿಟ್ಟಿಸಿ ನೋಡಿದೆ. ಅದು ನಾಚಿಕೊಂಡು ಎರಡೂ ಕಾಳು ಉಗುಳಿ ಹಾರಿಹೋಯಿತು.

ನನ್ನ ಹೆಸರು ಮುದುಕಪ್ಪ. ತೊಟ್ಟಿಲಲ್ಲಿದ್ದಾಗಿನಿಂದ ಇದೇ ಹೆಸರು, ಈಗ ವಯಸ್ಸೂ ಮೆಲ್ಲಗೆ ಹೆಸರಿನ ಹತ್ತಿರ ಬರುತ್ತಿದೆ. ಗಿರಣಿಯ ಅಂಗಳದಲ್ಲಿ ರಾಶಿ ಹಾಕಿಸುವುದು, ಮೋಡ ಕಂಡರೆ ಅದರ ಮೇಲೆ ತಾಡಪತ್ರಿ ಮುಚ್ಚಿಸುವುದು ನನ್ನ ಕೆಲಸ. ಗಿರಣಿ ಸಾಹುಕಾರ ಪಂಪಾಪತಿಯವರು ಒಮ್ಮೆ ಕೇಳಿದ್ದರು, "ಅಲ್ಲೋ ಮುದುಕಪ್ಪ, ಎಸ್ಸೆಸ್ಸೆಲ್ಸಿ ಗಣಿತದಾಗ ನೂರಕ್ಕ ನೂರು ತಗೊಂಡಾವ ಇಲ್ಲಿ ತಾಡಪತ್ರಿ ಯಾಕ ಎಳಿಯಾಕತ್ತೀಯೋ?"

"ಗಣಿತ ಒಂದರಾಗ ನೂರು ಬಂತ್ರಿ ಸಾಹುಕಾರ್ರ. ಉಳಿದ ವಿಷಯದ ಮಾಸ್ತರರಿಗೆ ಅದು ಹೊಟ್ಟಿಕಿಚ್ಚಾಗಿ, ಎಲ್ಲಾರೂ ಮಾತಾಡಿಕೊಂಡು ಫೇಲ್ ಮಾಡಿದ್ರು."

ಸಾಹುಕಾರರು ತಲೆ ಅಲ್ಲಾಡಿಸಿದರು. ನಂಬಿದರೋ ಬಿಟ್ಟರೋ ತಿಳಿಯಲಿಲ್ಲ. ಆದರೆ ಅವತ್ತಿನಿಂದ ಗಿರಣಿಯಲ್ಲಿ, ಓಣಿಯಲ್ಲಿ, ಚಹಾದಂಗಡಿಯಲ್ಲಿ ನನ್ನನ್ನು ಕರೆಯುವುದೇ 'ನೂರರ ಮುದುಕಪ್ಪ' ಅಂತ.

ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ನಂಬಿದವಳು ಶಿವಗಂಗಾ. ಕವಿತಾಳದಲ್ಲಿರುವ ನನ್ನ ಅಕ್ಕ ಮಹಾಂತಮ್ಮನ ಮಗಳು. ಹೈಸ್ಕೂಲಿಗೆಂದು ಮೂರು ವರ್ಷದಿಂದ ನಮ್ಮ ಮನೆಯಲ್ಲೇ ಇದ್ದಾಳೆ. ಹುಡುಗಿ ಕುಂತರೂ ಲೆಕ್ಕ, ನಿಂತರೂ ಲೆಕ್ಕ. ದಿನಾ ಸಂಜೆ ಮಾಡಿದ ಲೆಕ್ಕವನ್ನು ನನ್ನ ಮುಂದೆ ಹಿಡಿಯುತ್ತಿದ್ದಳು. ನಾನು ಕೆಂಪು ಪೆನ್ನು ತಗೊಂಡು, ಹುಬ್ಬು ಗಂಟು ಹಾಕಿ, ಕೆಲವಕ್ಕೆ ಸರಿ, ಕೆಲವಕ್ಕೆ ತಪ್ಪು ಹಾಕುತ್ತಿದ್ದೆ. ಮಾರನೇ ದಿನ ಶಾಲೆಯಲ್ಲಿ ಅಂಬಿಕಾ ಮೇಡಂ ನನ್ನ ತಪ್ಪುಗಳನ್ನೆಲ್ಲ ಸರಿ ಮಾಡಿ ಕಳಿಸಿದರೆ, "ನಿಮ್ಮ ಮೇಡಂಗ ಕನ್ನಡಕ ಬದಲಿ ಮಾಡ್ಸಾಕ ಹೇಳವ್ವ. ಪಾಪ, ಅವರು ನಮ್ಮಷ್ಟು ಆಳಕ್ಕ ಹೋಗಿಲ್ಲ" ಅನ್ನುತ್ತಿದ್ದೆ. ಹುಡುಗಿ ಮೇಡಂ ಬಗ್ಗೆ ಮರುಗುತ್ತಿದ್ದಳು.

ಅಕ್ಕ ಒಂದು ಮಾತು ಇಟ್ಟಿದ್ದಳು. ಗಣಿತ ಚಲೋ ಆದರೆ ರಾಯಚೂರಿನಲ್ಲಿ ಪಿಯುಸಿ ಸೈನ್ಸು. ಗಣಿತ ಕೈ ಕೊಟ್ಟರೆ ಓದು ಸಾಕು, ಕವಿತಾಳಕ್ಕೆ ಬಂದು ಹೊಲಿಗೆ ಕಲಿಯುವುದು. ಶಿವಗಂಗಾಳಿಗೆ ಸೂಜಿಯಲ್ಲಿ ದಾರ ಪೋಣಿಸುವುದೂ ಬೇಸರ. ರಾಯಚೂರಿನ ಕಾಲೇಜಿನ ಗೇಟನ್ನು ಒಮ್ಮೆ ಬಸ್ಸಿನ ಕಿಟಕಿಯಿಂದ ನೋಡಿ ಬಂದವಳು ವಾರವಿಡೀ ಅದರ ಬಣ್ಣದ ಬಗ್ಗೆ ಮಾತಾಡಿದ್ದಳು.

ಹೀಗಿರುವಾಗ ಈ ಮಾರ್ಚಿನ ಒಂದು ಶುಕ್ರವಾರ ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆ ಬಂತು.

ಪರೀಕ್ಷೆ ಬಿಡುವ ಹೊತ್ತಿಗೆ ನಾನು ಶಾಲೆಯ ಗೇಟಿನ ಮುಂದೆ ಬೇವಿನ ಮರದ ನೆರಳಿನಲ್ಲಿ ನಿಂತಿದ್ದೆ. ಗಿರಣಿಯ ಹಮಾಲ ಪೀರಾ ಸಾಬ್ ಕೂಡ ತನ್ನ ಮಗಳನ್ನು ಕರಕೊಂಡು ಹೋಗಲು ಬಂದಿದ್ದ. ಹುಡುಗರು ಹೊರಗೆ ಬಂದವರೇ, ಊಟ ನೀರು ಬಿಟ್ಟು, ಗುಂಪು ಕಟ್ಟಿ ಉತ್ತರ ತಾಳೆ ನೋಡಲು ಶುರು ಮಾಡಿದರು. ಇದೊಂದು ವಿಚಿತ್ರ ಪದ್ಧತಿ. ಬರೆದದ್ದು ಬರೆದಾಗಿದೆ, ಕಟ್ಟು ಕಟ್ಟಿ ಅರಗು ಹಾಕುತ್ತಿದ್ದಾರೆ, ಆದರೂ ಪಕ್ಕದವನ ಉತ್ತರ ಕೇಳದಿದ್ದರೆ ಹುಡುಗರಿಗೆ ಉಸಿರು ಬಿಡಲಾಗುವುದಿಲ್ಲ.

ಗುಂಪಿನ ನಡುವೆ ಹನುಮೇಶ ಅಂತ ಒಬ್ಬ ಹುಡುಗ. ಶಿವಗಂಗಾಳ ತರಗತಿಯವನೇ. ಉತ್ತರ ಹೇಗಿದ್ದರೂ ದನಿ ಮಾತ್ರ ಭಾರಿ.

"ಭತ್ತದ ರಾಶಿ ಲೆಕ್ಕ ಎಷ್ಟು ಬಂತ್ಲೇ? ನಂದು ಐವತ್ತೈದು ಪಾಯಿಂಟ್ ನಾಲ್ಕು ನಾಲ್ಕು" ಅಂದ.

"ನಂದು ಮೂವತ್ತು ಪಾಯಿಂಟ್ ಎಂಟು" ಅಂದಳು ಶಿವಗಂಗಾ.

ಗುಂಪು ಎರಡಾಯಿತು. ಪ್ರಶ್ನೆ ಇಷ್ಟು: ಶಂಕುವಿನ ಆಕಾರದ ಒಂದು ಭತ್ತದ ರಾಶಿ ಇದೆ. ಅಗಲ ಇಷ್ಟು, ಎತ್ತರ ಇಷ್ಟು. ಮಳೆಯಿಂದ ಕಾಪಾಡಲು ಅದನ್ನು ಮುಚ್ಚಬೇಕಾದರೆ ಎಷ್ಟು ತಾಡಪತ್ರಿ ಬೇಕು? ಶಿವಗಂಗಾ ರಾಶಿಯ ಇಳಿಜಾರು ಮೈಯ ವಿಸ್ತೀರ್ಣ ಮಾತ್ರ ಹಿಡಿದಿದ್ದಳು. ಹನುಮೇಶ ರಾಶಿಯ ತಳವನ್ನೂ ಕೂಡಿಸಿದ್ದ.

"ಇಲ್ಲೇ ನಿಂತಾರಲ್ಲ ನಿಮ್ಮ ಮಾಮಾ, ನೂರರ ಮುದುಕಪ್ಪ. ಅವರನ್ನ ಕೇಳೂಣು" ಅಂದಿತು ಯಾವುದೋ ಒಂದು ಬಾಯಿ.

ಅಷ್ಟೂ ಮುಖಗಳು ನನ್ನ ಕಡೆ ತಿರುಗಿದವು. ನಾನು ಹೆಗಲ ಮೇಲಿನ ಟವೆಲ್ ಕೊಡವಿ ಮುಂದೆ ಹೋದೆ. ಪ್ರಶ್ನೆ ಓದಿದೆ. ಶಂಕು ಅಂದರೆ ಏನೆಂದು ಆ ಭಗವಂತನಿಗೇ ಗೊತ್ತು, ಆದರೆ ರಾಶಿ ಅಂದರೆ ಏನೆಂದು ನನಗೆ ಗೊತ್ತಿತ್ತಲ್ಲ.

"ಭತ್ತ ಎಲ್ಲಿ ಸುರೀತಾರ?" ಅಂತ ಕೇಳಿದೆ.

"ನೆಲದ ಮ್ಯಾಲ."

"ಬರೀ ನೆಲದ ಮ್ಯಾಲ ಸುರಿದ್ರ ಏನಾಗ್ತದ? ಪೀರಾ ಸಾಬ್, ನೀ ಹೇಳೋ."

ಪೀರಾ ಸಾಬ್ ಗಂಟಲು ಸರಿಮಾಡಿಕೊಂಡ. "ನೆಲದ ಥಂಡಿ ಹಿಡೀತದ. ಕೆಳಗಿನ ಭತ್ತ ಮುಗ್ಗಲಾಗ್ತದ. ಮೊದಲು ಕೆಳಗೊಂದು ತಾಡಪತ್ರಿ ಹಾಸಬೇಕು, ಆಮ್ಯಾಲ ಸುರೀಬೇಕು, ಆಮ್ಯಾಲ ಮ್ಯಾಲೊಂದು ಮುಚ್ಚಬೇಕು. ಇಷ್ಟು ತಿಳೀದಾವ್ರು ರಾಶಿ ತಂಟೀಗೆ ಬರಬಾರದು."

ಮಕ್ಕಳಿಗಾಗಿ ಕಾಯುತ್ತಿದ್ದ ರೈತರೆಲ್ಲ ಹೌದು ಹೌದು ಅಂದರು. ಮಟಮಾರಿ ಕಡೆಯಿಂದ ಬಂದಿದ್ದ ಒಬ್ಬ ಹಿರಿಯರಂತೂ ಕೆಳಗೆ ಹಾಸದೆ ಕೆಟ್ಟುಹೋದ ತಮ್ಮ ಮಾವನ ಭತ್ತವನ್ನು ನೆನೆದು ಕಣ್ಣು ಒರೆಸಿಕೊಂಡರು. ನಾನು ಕೈ ಎತ್ತಿ ತೀರ್ಪು ಕೊಟ್ಟೆ. "ತಳ ಬಿಟ್ಟು ಲೆಕ್ಕ ಮಾಡಿದ್ರ ಅದು ಲೆಕ್ಕ ಅಲ್ಲ. ಹನುಮೇಶಂದು ಸರಿ."

ಇಲ್ಲಿ ಒಂದು ವಿಷಯ ಹೇಳಬೇಕು. ನ್ಯಾಯಕ್ಕೆ ಕೂತವನು ತನ್ನ ಮನೆಯವರ ಕಡೆ ವಾಲಿದ ಅಂತ ಜನ ಆಡಿಕೊಳ್ಳಬಾರದು. ಅದಕ್ಕೇ ಮುಂದಿನ ಲೆಕ್ಕಗಳಲ್ಲೂ ನಾನು ಬಹಳ ಕಟ್ಟುನಿಟ್ಟಾದೆ. ಗೋಪುರದ ಎತ್ತರ ಶಿವಗಂಗಾಳಿಗೆ ಹತ್ತು ರೂಟ್ ಮೂರು ಬಂದಿತ್ತು, ಹನುಮೇಶನಿಗೆ ಹದಿನೆಂಟು. "ಹತ್ತು ರೂಟ್ ಮೂರು ಕಟ್ಟು ಅಂತ ಗೌಂಡಿಗೆ ಹೇಳಿ ನೋಡು. ಅವ ಇಟ್ಟಂಗಿ ಎಣಿಸ್ತಾನೋ, ರೂಟ್ ಎಣಿಸ್ತಾನೋ?" ಅಂದೆ. ಎಲ್ಲರೂ ನಕ್ಕರು. ಚೀಲದಿಂದ ಕೆಂಪು ಚೆಂಡು ಬರುವ ಸಂಭವ ಅವಳಿಗೆ ಎಂಟರಲ್ಲಿ ಮೂರು, ಹನುಮೇಶನಿಗೆ ಅರ್ಧ. "ಬಂದ್ರ ಬಂತು, ಇಲ್ಲಾಂದ್ರ ಇಲ್ಲ. ಎರಡ ಮಾತು. ಅಂದಮ್ಯಾಲ ಅರ್ಧನ" ಅಂದೆ. ಚಪ್ಪಾಳೆ ಬಿತ್ತು.

ಚಪ್ಪಾಳೆ ಮುಗಿದ ಮೇಲೆ ನೋಡಿದರೆ ಶಿವಗಂಗಾ ಗುಂಪಿನಲ್ಲಿರಲಿಲ್ಲ. ರಸ್ತೆಯ ಆ ಬದಿಯಲ್ಲಿ ಒಬ್ಬಳೇ ಮನೆ ಕಡೆ ನಡೆಯುತ್ತಿದ್ದಳು.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ಪಕೀರಮ್ಮ ಮಂಡಾಳ ಒಗ್ಗರಣೆ, ಮಿರ್ಚಿ ಮುಂದಿಟ್ಟರೆ ಹುಡುಗಿ ಮುಟ್ಟಲಿಲ್ಲ.

"ಯಾಕವ್ವ, ಪೇಪರ್ ಹ್ಯಾಂಗಾತು?" ಅಂತ ಕೇಳಿದಳು ಪಕೀರಮ್ಮ.

"ಹೋತು ಅತ್ತಿ. ಮಾಮಾ ನೋಡಿ ಹೇಳ್ಯಾನ."

ಈ ಮಾತು ಗೋಡೆಯಾಚೆಗಿನ ಮುನ್ನೀ ಬೀ ಕಿವಿಗೆ ಬಿತ್ತು. ಮುನ್ನೀ ಬೀ ಪೀರಾ ಸಾಬನ ಹೆಂಡತಿ. ಮನಸ್ಸು ಬಂಗಾರ, ಆದರೆ ಅವಳ ಬಾಯಿಗೆ ಬಿದ್ದ ಸುದ್ದಿ ಹಿಟ್ಟಿನ ಹಾಗೆ ಉಬ್ಬುತ್ತದೆ. ಪೇಪರ್ ಕೆಟ್ಟಿತು ಅಂತ ಅವಳ ಮನೆಯಿಂದ ಹೊರಟ ಸುದ್ದಿ, ನಲ್ಲಿಯ ಹತ್ತಿರ ಗಣಿತ ಹೋಯಿತು ಅಂತಾಯಿತು. ಚಹಾದಂಗಡಿ ದಾಟುವಾಗ ಹುಡುಗಿ ಫೇಲು. ಗಿರಣಿ ಮುಟ್ಟುವ ಹೊತ್ತಿಗೆ ಹುಡುಗಿ ಬರೆಯುತ್ತಾ ಬರೆಯುತ್ತಾ ತಲೆತಿರುಗಿ ಬಿದ್ದಿದ್ದಳು, ಮೂವರು ಎತ್ತಿಕೊಂಡು ಬಂದಿದ್ದರು. ಸಾಹುಕಾರರು ನನ್ನನ್ನು ಒಳಗೆ ಕರೆದು, "ದೈವ, ಏನು ಮಾಡಾಕಾಗ್ತದ. ನಮ್ಮ ಮನಿಯಾಗ ಒಂದು ಹೊಲಿಗಿ ಮಶಿನ್ ಸುಮ್ಮನ ಬಿದ್ದದ, ಒಯ್ಯಿ" ಅಂದರು.

ಸಂಜೆಯಿಂದ ಓಣಿಯ ಹೆಂಗಸರು ಸೆರಗು ಹೊದ್ದು ಬಂದು ನಮ್ಮ ಪಡಸಾಲೆಯಲ್ಲಿ ಸಾಲಾಗಿ ಕೂತರು. ಒಬ್ಬಳು ಮೆಲ್ಲಗೆ ಕೇಳಿದಳು, "ಯಾವಾಗ ಆತು?"

"ಮಧ್ಯಾಹ್ನ" ಅಂದಳು ಪಕೀರಮ್ಮ.

"ಜೊತಿಗೆ ಯಾರಿದ್ರು?"

"ಇವರ ಇದ್ರು. ಇವರ ಬಾಯಿಂದನ ಹೇಳ್ಯಾರ."

ಹೆಂಗಸರು ನನ್ನ ಕಡೆ ನೋಡಿ ನಿಟ್ಟುಸಿರು ಬಿಟ್ಟರು. ಎಂಥ ಎದೆಗಾರ, ಸ್ವಂತ ಅಕ್ಕನ ಮಗಳ ಮುಂದೆ ಖರೇ ನುಡಿದ ಅನ್ನುವ ನಿಟ್ಟುಸಿರು ಅದು. ನಾನು ಗಂಭೀರವಾಗಿ ಮೀಸೆ ನೀವಿಕೊಂಡೆ. ಒಳಗಿನ ಕೋಣೆಯಲ್ಲಿ ಶಿವಗಂಗಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಸೋಮವಾರದ ವಿಜ್ಞಾನದ ಪುಸ್ತಕ ಕಿಟಕಿಯಲ್ಲಿ ಹಾಗೇ ಇತ್ತು.

ಬೆಳಗಾದರೂ ಅದು ಅಲ್ಲೇ ಇತ್ತು. ಆಗ ಮೊದಲ ಸಲ ನನ್ನ ತೀರ್ಪಿನ ಮೇಲೆ ನನಗೇ ಅನುಮಾನ ಬಂತು. ಪಿತ್ತ ಇರಬೇಕು ಅಂದುಕೊಂಡು ಶುಂಠಿ ಕಷಾಯ ಕುಡಿದೆ. ಹೋಗಲಿಲ್ಲ.

ಅಂಬಿಕಾ ಮೇಡಂ ಆ ವಾರ ದೇವದುರ್ಗದಲ್ಲಿದ್ದರು. ಪರೀಕ್ಷೆ ಕಾಯುವ ಕೆಲಸಕ್ಕೆ ಅಲ್ಲಿ ಹಾಕಿದ್ದರು, ತಂಗಿಯ ಮನೆಯಲ್ಲಿ ಉಳಿದಿದ್ದರು. ಗಿರಣಿಗೆ ಹೋಗುತ್ತೇನೆಂದು ಹೇಳಿ ದೇವದುರ್ಗದ ಬಸ್ಸು ಹತ್ತಿದೆ. ಫೋನು ಮಾಡಬಹುದಿತ್ತು. ಆದರೆ ನೂರರ ಮುದುಕಪ್ಪ ಮೇಡಂ ಹತ್ತಿರ ಲೆಕ್ಕ ಕೇಳಿದ ಅಂತ ಪಕ್ಕದಲ್ಲಿ ಯಾರಾದರೂ ಕೇಳಿಸಿಕೊಂಡರೆ ಏನು ಗತಿ?

ಮೇಡಂ ತರಕಾರಿ ಮಾರುಕಟ್ಟೆಯಲ್ಲಿ ಬದನೆಕಾಯಿ ಆರಿಸುತ್ತಿದ್ದರು. ನಾನು ಏನೋ ಆಕಸ್ಮಿಕವಾಗಿ ಸಿಕ್ಕವನಂತೆ ನಮಸ್ಕಾರ ಮಾಡಿ, ಕುಶಲ ಕೇಳಿ, ಮಳೆ ಬೆಳೆ ಮಾತಾಡಿ, ಆಮೇಲೆ ಸುಮ್ಮನೆ ಬಾಯಿಗೆ ಬಂದಂತೆ ರಾಶಿ ಲೆಕ್ಕ ತೆಗೆದೆ.

"ಮೂವತ್ತು ಪಾಯಿಂಟ್ ಎಂಟು" ಅಂದರು ಮೇಡಂ, ಬದನೆಕಾಯಿಯಿಂದ ಕಣ್ಣು ತೆಗೆಯದೆ.

"ಕೆಳಗಿನ ತಾಡಪತ್ರೀರಿ ಮೇಡಂ?"

"ಅದ್ಯಾವುದು?"

ನಾನು ನೆಲದ ಥಂಡಿಯ ವಿಷಯ ಹೇಳಿದೆ. ಮುಗ್ಗಲು ವಾಸನೆಯ ವಿಷಯ ಹೇಳಿದೆ. ಮಟಮಾರಿ ಹಿರಿಯರ ಮಾವನ ಭತ್ತದ ಕಥೆಯನ್ನೂ ಹೇಳಿದೆ. ಮೇಡಂ ಪೂರ್ತಿ ಕೇಳಿದರು.

"ಅಣ್ಣಾರ, ಪ್ರಶ್ನೆದಾಗ ಮುಚ್ಚಾಕ ಎಷ್ಟು ಬೇಕು ಅಂತ ಕೇಳ್ಯಾರ. ಹಾಸಾಕ ಎಷ್ಟು ಬೇಕು ಅಂತ ಕೇಳಿಲ್ಲ."

ಗೋಪುರ ಕೇಳಿದೆ. ಹತ್ತು ರೂಟ್ ಮೂರು ಅಂದರು. ಚೆಂಡು ಕೇಳಲು ಧೈರ್ಯವಾಗಲಿಲ್ಲ.

"ಶಿವಗಂಗಾ ಚಲೋ ಮಾಡ್ಯಾಳೇನ್ರಿ? ಅಕಿ ಮ್ಯಾಲ ನನಗ ಭಾಳ ಭರವಸಿ ಅದ" ಅಂದರು ಮೇಡಂ.

"ಮಾಡ್ಯಾಳ್ರಿ" ಅಂದೆ. ಆ ವಾರವಿಡೀ ನಾನು ಆಡಿದ ಖರೇ ಮಾತು ಅದೊಂದೇ ಇರಬೇಕು.

ಬಸ್ಸು ಇಳಿದವನೇ ಓಡುತ್ತಾ ಮನೆಗೆ ಬಂದು, "ಗಂಗವ್ವ, ನಿಂದ ಸರಿ ಅದ" ಅಂದೆ.

ಹುಡುಗಿ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಮಗು ಬಿದ್ದು ಪೆಟ್ಟಾದಾಗ ದೊಡ್ಡವರು ನೆಲಕ್ಕೆ ಹೊಡೆದು ಸಮಾಧಾನ ಮಾಡುತ್ತಾರಲ್ಲ, ಆಗ ತಿಳಿವಳಿಕೆ ಬಂದ ಮಗು ನೋಡುತ್ತದಲ್ಲ, ಹಾಗೆ.

"ಇರಲಿ ಬಿಡು ಮಾಮಾ" ಅಂದಳು.

"ಖರೇನ ಹೇಳಾಕತ್ತೀನಿ. ಅಂಬಿಕಾ ಮೇಡಂ ಹೇಳ್ಯಾರ."

"ಮೇಡಂ ನಿನ್ನಷ್ಟು ಆಳಕ್ಕ ಹೋಗಿಲ್ಲಂತ ನೀನ ಹೇಳೀದಿ."

ಮುನ್ನೀ ಬೀ ಅಷ್ಟರಲ್ಲಿ ಬಟ್ಟಲು ತುಂಬ ಖೀರು ಹಿಡಿದು ಬಂದಿದ್ದಳು. ಬಾಗಿಲಲ್ಲೇ ನಿಂತು ಕಣ್ಣೊರೆಸಿಕೊಂಡಳು. "ಎಂಥ ದಿಲ್ ನೋಡ್ರಿ ಮುದುಕಪ್ಪ ಭಾಯೀದು. ಹುಡುಗಿ ಸಮಾಧಾನಕ್ಕ ತನ್ನ ಲೆಕ್ಕಾನ ತಪ್ಪು ಅನ್ನಾಕತ್ಯಾನ. ನೂರಕ್ಕ ನೂರು ತಗೊಂಡಾವ."

"ನಂದು ತಪ್ಪ ಅದ ಮುನ್ನೀ ಬೀ."

"ನೋಡ್ರಿ, ಮತ್ತ ಅಂದ" ಅಂತ ಅವಳು ಇನ್ನೂ ಜೋರಾಗಿ ಅತ್ತಳು.

ಗಿರಣಿಗೆ ಹೋಗಿ ಪೀರಾ ಸಾಬನಿಗೆ ಹೇಳಿದೆ. ಅವನು ಸಿಟ್ಟಿಗೆದ್ದ. ಇಷ್ಟು ವರ್ಷ ಹಾಸಿದ ತಾಡಪತ್ರಿ ಏನು ಸುಳ್ಳೇ, ಆ ಮೇಡಂ ಯಾವತ್ತಾದರೂ ಒಂದು ಬುಟ್ಟಿ ಭತ್ತ ಸುರಿದಾಳೇನು ಅಂತ ಅಂಗಳದ ಹಮಾಲರನ್ನೆಲ್ಲ ಸೇರಿಸಿದ. ಎಲ್ಲರೂ ನನ್ನ ಪರವಾಗಿ ನನ್ನ ಮೇಲೆಯೇ ಬಿದ್ದರು. ಹಿರಿಯ ಹಮಾಲನೊಬ್ಬ, "ನೀ ಅಳುಕಬ್ಯಾಡೋ ಮುದುಕಪ್ಪ. ನಿನ್ನ ಲೆಕ್ಕದ ಹಿಂದ ನಾವದೀವಿ" ಅಂತ ಬೆನ್ನು ಚಪ್ಪರಿಸಿದ. ಲೋಕದಲ್ಲಿ ಯಾವ ಸುಳ್ಳಿಗೂ ಇಷ್ಟು ಜನ ಜಾಮೀನು ನಿಂತಿರಲಿಕ್ಕಿಲ್ಲ.

ಭಾನುವಾರ ಬೆಳಿಗ್ಗೆ, ಸುದ್ದಿ ಕೇಳಿ, ಕವಿತಾಳದ ಬಸ್ಸಿಗೆ ಮಹಾಂತಮ್ಮಕ್ಕ ಬಂದಳು. ಕೈಯಲ್ಲಿ ಖಾಲಿ ಚೀಲ. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. ಪಡಸಾಲೆಯಲ್ಲಿ ಮುನ್ನೀ ಬೀ, ಪೀರಾ ಸಾಬ್, ಓಣಿಯ ನಾಲ್ಕು ಜನ ಆಗಲೇ ಕೂತಿದ್ದರು. ಶಿವಗಂಗಾ ತನ್ನ ಬಟ್ಟೆ, ಪುಸ್ತಕ ಎಲ್ಲವನ್ನೂ ಹಳೆಯ ಸೀರೆಯಲ್ಲಿ ಗಂಟು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದಳು.

"ನಾಳಿಗಿ ಇನ್ನೊಂದು ಪೇಪರ್ ಅದಲ್ಲಬೇ" ಅಂದಳು ಅಕ್ಕ.

"ಗಣಿತ ಹೋದಮ್ಯಾಲ ಅದನ್ನ ಬರದು ಏನು ಮಾಡ್ಲಿ ಯವ್ವಾ. ನಡಿ, ಹೋಗೂಣು."

"ಹೋತು ಅಂತ ಯಾರು ಹೇಳಿದ್ರು?"

"ಮಾಮಾ."

"ಯಾವ ಮಾಮಾ?"

"ನನಗ ಇರಾವ ಒಬ್ಬನ ಮಾಮಾ."

ಅಕ್ಕ ಚೀಲ ಕೆಳಗಿಟ್ಟಳು. ಪಕೀರಮ್ಮ ಕೊಟ್ಟ ನೀರನ್ನು ನಿಧಾನವಾಗಿ ಪೂರ್ತಿ ಕುಡಿದಳು. ಚೊಂಬು ಪಕ್ಕಕ್ಕಿಟ್ಟು ನನ್ನ ಕಡೆ ನೋಡಿದಳು.

"ಮುದುಕ್ಯಾ, ಈಕಿ ಪೇಪರ್ ನೀ ನೋಡಿದಿ?"

"ನೋಡಿದೆ ಅಕ್ಕ. ಅಂದ್ರ ಈಗ ಸಿಲೆಬಸ್ಸು ಬದಲಾಗ್ಯದ. ನಮ್ಮ ಕಾಲದಾಗ ಶಂಕುವಿಗೆ ತಳ ಇತ್ತು, ಈಗ ಸರಕಾರದಾವ್ರು ತಗದಾರ."

"ನಮ್ಮ ಕಾಲದಾಗ" ಅಂದಳು ಅಕ್ಕ. "ನಮ್ಮ ಕಾಲದಾಗ ನಿನ್ನ ಗಣಿತ ಪರೀಕ್ಷಾಕ್ಕ ರಾಯಚೂರಿಗೆ ಜೊತಿಗೆ ಯಾರು ಬಂದಿದ್ರು?"

ನಾನು ಛಾವಣಿ ನೋಡಿದೆ. ಅಲ್ಲಿ ಒಂದು ಹಲ್ಲಿ ಇತ್ತು, ಅದೂ ನನ್ನನ್ನೇ ನೋಡುತ್ತಿತ್ತು.

"ನೀನ ಬಂದಿದ್ದಿ."

"ರೊಟ್ಟಿ ಬುತ್ತಿ ಕಟಗೊಂಡು ಬಂದಿದ್ದೆ. ಅದನ್ನ ಎಲ್ಲಿ ಕುಂತು ತಿಂದಿ, ಯಾವಾಗ ತಿಂದಿ, ನೀ ಹೇಳ್ತೀಯೋ, ನಾ ಹೇಳ್ಲೋ?"

ಮುನ್ನೀ ಬೀ ಅಳು ನಿಲ್ಲಿಸಿದಳು. ಪೀರಾ ಸಾಬ್ ಬೀಡಿ ಹಚ್ಚಲು ತೆಗೆದ ಕಡ್ಡಿ ಹಾಗೇ ಹಿಡಿದುಕೊಂಡ. ಪಕೀರಮ್ಮ ಅಡುಗೆ ಮನೆಯ ಬಾಗಿಲಿಗೆ ಬಂದು ನಿಂತಳು. ಅವಳಪ್ಪ ಇಡೀ ಊರಿಗೆ ನೂರು ಮಾರ್ಕಿನ ಅಳಿಯ ಅಂತ ಹೇಳಿಕೊಂಡು ತಿರುಗಿ, ಅದೇ ಸಂತೋಷದಲ್ಲಿ ತೀರಿಕೊಂಡವನು.

ಏನಾದರೂ ಒಂದು ಕಥೆ ಹೊಳೆಯುತ್ತದೆಂದು ಕಾದೆ. ಯಾವತ್ತೂ ಹೊಳೆಯುತ್ತಿತ್ತು. ಬಾಗಿಲ ಹತ್ತಿರ ಆ ಗಂಟು ಕಂಡಿತು. ಹೊಳೆಯಲಿಲ್ಲ.

"ಪ್ರಶ್ನೆ ಪತ್ರಿಕೆ ತಗೊಂಡೆ" ಅಂದೆ. "ಒಂದೂ ತಿಳೀಲಿಲ್ಲ. ನನ್ನ ನಂಬರು ಬರದೆ. ಅದೊಂದ ಬರದೆ. ಮೊದಲನೇ ಗಂಟಿ ಹೊಡೆದ ಕೂಡಲೆ ಎದ್ದು ಹೊರಗ ಬಂದೆ. ನಾನು, ಅಕ್ಕ ಇಬ್ಬರೂ ಮಾವಿನಕೆರಿ ದಂಡಿಮ್ಯಾಲ ಕುಂತು ರೊಟ್ಟಿ ತಿಂದಿವಿ. ಪರೀಕ್ಷಾ ಬಿಡೋ ಹೊತ್ತಿಗೆ ವಾಪಸ್ ಹೋದೆ, ಮನಿಯಾಗ ಗೊತ್ತಾಗಬಾರದಂತ. ಹುಡುಗರು ಗೇಟಿನ ಮುಂದ ಉತ್ತರ ಕೇಳಿಕೋತ ನಿಂತಿದ್ರು. ಒಬ್ಬಾವ ತನ್ನ ಉತ್ತರ ಹೇಳಿ, ನಿಂದೆಷ್ಟು ಅಂದ. ನಂದೂ ಅಷ್ಟ ಅಂದೆ. ಇನ್ನೊಬ್ಬಾವ ಹೇಳಿದ, ಅವನಿಗೂ ನಂದೂ ಅಷ್ಟ ಅಂದೆ. ಎಲ್ಲಾರ ಉತ್ತರಾನೂ ನಂದ ಆತು. ಯಾರೋ ಒಬ್ಬಾವ, ಹಂಗಾದ್ರ ನಿಂದು ನೂರು ಬಿಡಲೇ ಅಂದ. ನನಗದು ಭಾಳ ಚಲೋ ಅನಸ್ತು. ಅಷ್ಟ."

"ಅಪ್ಪ ಹೊಡೀತಾನಂತ ನಾ ಸುಮ್ಮನಿದ್ದೆ" ಅಂದಳು ಅಕ್ಕ. "ಆಮ್ಯಾಲ ನಿನಗ ಹೆಣ್ಣು ನೋಡಾಕತ್ತಿದ್ರಂತ ಸುಮ್ಮನಿದ್ದೆ. ಈ ಹುಡುಗಿನ್ನ ನಿನ್ನ ಮನಿಗೆ ಬಿಟ್ಟಿದ್ದು ನೀ ಅಕ್ಕರಿ ಮಾಡ್ತೀ ಅಂತ. ಲೆಕ್ಕ ಹೇಳಿಕೊಡ್ತೀ ಅಂತ ಅಲ್ಲ."

ಪೀರಾ ಸಾಬ್ ಬೀಡಿ ಮತ್ತೆ ಕಿಸೆಯೊಳಗೆ ಹಾಕಿಕೊಂಡು ಹೊರಗೆ ಹೋದ. ಅವನ ಹಿಂದೆ ಒಬ್ಬೊಬ್ಬರಾಗಿ ಓಣಿಯವರೆಲ್ಲ ಎದ್ದು ಹೋದರು. ಪಕೀರಮ್ಮ ಒಳಗೆ ಹೋಗಿ ಒಲೆಯ ಮುಂದೆ ಕೂತಳು. ಅಕ್ಕ ಚೊಂಬು ತಗೊಂಡು ಅವಳ ಹಿಂದೆ ಹೋದಳು.

ಶಿವಗಂಗಾ ನಿಂತೇ ಇದ್ದಳು.

"ಹಂಗಾದ್ರ ಮೂರು ವರ್ಷ ನನ್ನ ಲೆಕ್ಕಕ್ಕ ತಪ್ಪು ಹಾಕೀದೆಲ್ಲ?"

"ಅಂದಾಜು" ಅಂದೆ. "ನಾಲ್ಕು ಸರಿ ಆದಮ್ಯಾಲ ಒಂದು ತಪ್ಪು ಹಾಕ್ತಿದ್ದೆ. ಇಲ್ಲಾಂದ್ರ ನೋಡೇ ಇಲ್ಲ ಅಂತ ನಿನಗ ಅನಸ್ತದಂತ."

"ಮನ್ನೆ ಆ ಚೆಂಡಿನ ಲೆಕ್ಕ?"

"ನನಗ ಗೊತ್ತಿಲ್ಲವ್ವ. ಯಾವುದೂ ಗೊತ್ತಿಲ್ಲ."

ಅವಳು ಬೈಯುತ್ತಾಳೆಂದು ಕಾದೆ. ಬೈದಿದ್ದರೆ ಚಲೋ ಇತ್ತು. ಅವಳು ಗಂಟಿನ ಮುಂದೆ ಕೂತು, ಬಿಗಿದ ಸೀರೆಯ ತುದಿಯನ್ನು ಉಗುರಿನಿಂದ ಸಡಿಲು ಮಾಡಿ, ವಿಜ್ಞಾನದ ಪುಸ್ತಕ ಹೊರಗೆ ತೆಗೆದಳು. ಅದರ ಧೂಳನ್ನು ಲಂಗಕ್ಕೆ ಒರೆಸಿದಳು. ಕಳೆದುಹೋದ ಎರಡು ದಿನವನ್ನು ಹುಡುಕುವವಳಂತೆ ಹಾಳೆ ತಿರುವಿದಳು. ತಲೆ ಎತ್ತದೆ ಕೇಳಿದಳು:

"ನಾ ಬಂದ ಮೊದಲನೇ ದಿನಾನ ಹೇಳಬಾರದೇನು ಮಾಮಾ. ನಾ ನಿನಗ ಕಲಿಸ್ತಿದ್ದೆ."

ಪಕ್ಕದವರ ಉತ್ತರ ಕೇಳಿ ನಂದೂ ಅಷ್ಟೇ ಅನ್ನೋಣವೆಂದರೆ, ಪಡಸಾಲೆಯಲ್ಲಿ ಪಕ್ಕಕ್ಕೆ ಯಾರೂ ಉಳಿದಿರಲಿಲ್ಲ.